ಪಯಸ್ವಿನಿಯ ಸೈರನ್ನಿಗೆ ವಾರಗಳು ಮುಗಿದಾಗ

ಸೋಮವಾರ ಬೆಳಗ್ಗೆ ಪುತ್ತೂರಿನಲ್ಲಿ ನನ್ನ ವರ್ಕ್‌ಶಾಪಿನ ಶಟರ್ ಎತ್ತುತ್ತಿದ್ದಾಗ ಆ ಫೋನ್ ಬಂತು. ಅರಂತೋಡಿನಿಂದ ಕೆಳಗೆ ಪಯಸ್ವಿನಿಗೆ ಅಡ್ಡವಾಗಿ ಕಿಂಡಿ ಅಣೆಕಟ್ಟು ಕಟ್ಟುವ ಕೆಲಸ ನಡೆಯುತ್ತಿತ್ತು. ಮಾತಾಡುತ್ತಿದ್ದವರು ಅಲ್ಲಿಯ ಸೈಟ್ ಇಂಜಿನಿಯರ್. ಮಂಡೆಕೋಲಿನವರು, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹೇಳಬೇಕಾದ್ದನ್ನು ಮಾತ್ರ ಹೇಳಿ ಫೋನ್ ಇಡುವ ಪೈಕಿ.

"ಸರ್, ನಿಮ್ಮ ಸೈರನ್ ಪೆಟ್ಟಿಗೆಯಲ್ಲಿ ಹಸಿರು ದೀಪ ಉರೀತಾ ಉಂಟು. ಆದ್ರೆ ನೀರಿನ ಮಟ್ಟ ನಿನ್ನೆ ಬೆಳಗ್ಗೆಯಿಂದ ಒಂದೇ ತೋರಿಸ್ತದೆ. ನದಿ ಒಂದೇ ಇಲ್ಲ."

ನದಿ ಒಂದೇ ಇಲ್ಲ ಎಂಬುದು ಅವರಿಗೆ ಗೊತ್ತಾದದ್ದು ಹೇಗೆಂದರೆ, ಕೆಲಸ ಶುರುವಾದ ದಿನವೇ ಅವರು ದಡದ ಒಂದು ಬಂಡೆಗೆ ಬಿಳಿ ಬಣ್ಣದ ಗೆರೆ ಹಾಕಿಸಿದ್ದರು. ದಿನಾ ಬೆಳಗ್ಗೆ ಮೊದಲು ಆ ಗೆರೆ, ಆಮೇಲೆ ಪೆಟ್ಟಿಗೆಯ ಪರದೆ. ಎರಡೂ ತಾಳೆಯಾದರೆ ಮಾತ್ರ ಜನ ಕೆಳಗಿಳಿಯಬೇಕು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಬೆಳಗ್ಗೆ ನೀರು ಗೆರೆಯಿಂದ ಒಂದು ಗೇಣು ಕೆಳಗಿತ್ತು, ಪರದೆಯಲ್ಲಿ ಮಾತ್ರ ಭಾನುವಾರದ ಮಟ್ಟವೇ ಕೂತಿತ್ತು. ಹಾಗಾಗಿ ಅವರು ಯಾರನ್ನೂ ಕೆಳಗೆ ಬಿಟ್ಟಿರಲಿಲ್ಲ.

ಆ ಪೆಟ್ಟಿಗೆ ಎರಡು ಯಂತ್ರಗಳ ಜೋಡಿಯಲ್ಲಿ ಒಂದು, ಆ ಜೋಡಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಒಂದು ಯಂತ್ರ ಸೈಟಿನಿಂದ ಮೇಲೆ, ಕಲ್ಲುಗುಂಡಿ ಎಂಬ ಊರಿನ ಹತ್ತಿರ ನದಿಯ ಅಂಚಿನ ಕಾಂಕ್ರೀಟ್ ಕಂಬದ ಮೇಲಿದೆ. ನೀರಿನ ಮಟ್ಟ ಅಳೆದು, ಅದಕ್ಕೆ ದಿನಾಂಕ ಮತ್ತು ಗಂಟೆ ಸೇರಿಸಿ, ಮೊಬೈಲ್ ಸಂದೇಶವಾಗಿ ಕೆಳಗೆ ಕಳಿಸುವುದು ಅದರ ಕೆಲಸ. ಇನ್ನೊಂದು ಸೈರನ್ ಪೆಟ್ಟಿಗೆ. ಬೇಸಿಗೆಯಲ್ಲಿ ನದಿಯೊಳಗೆ ಎಲ್ಲಿ ಕೆಲಸ ನಡೆಯುತ್ತದೋ ಅಲ್ಲಿಗೆ ನಾನು ಅದನ್ನು ಒಯ್ದು ಜೋಡಿಸುತ್ತೇನೆ. ಕಲ್ಲುಗುಂಡಿಯಲ್ಲಿ ನೀರು ಏಕಾಏಕಿ ಏರಿದರೆ ಅದು ಈ ಸೈಟಿಗೆ ಬರಲು ಸುಮಾರು ಒಂದು ಗಂಟೆ ಬೇಕು. ಸಂದೇಶ ಬಂದ ಕ್ಷಣ ಸೈರನ್ ಕೂಗಿದರೆ ಅಷ್ಟೂ ಹೊತ್ತು ಕೈಗೆ ಸಿಗುತ್ತದೆ. ಮೇ ತಿಂಗಳಲ್ಲಿ ಸಂಪಾಜೆ ಘಾಟಿಯ ಮೇಲೆ ಮಳೆ ಸುರಿದು, ಕೆಳಗೆ ಸುಡು ಬಿಸಿಲಿರುವುದು ನಮಗೆ ಹೊಸದಲ್ಲ. ಅಣೆಕಟ್ಟಿನ ಕಂಬದ ಅಡಿಪಾಯಕ್ಕೆ ತೋಡಿದ ಗುಂಡಿಯಲ್ಲಿ, ಸುತ್ತ ಮರಳಿನ ಚೀಲಗಳ ಕಟ್ಟೆಯ ಒಳಗೆ ಕಬ್ಬಿಣ ಕಟ್ಟುವವರಿಗೆ ನದಿಯೇ ಕಾಣುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಅವರ ಕಿವಿಗೆ ಮುಟ್ಟಿಸುವುದು ಆ ಸೈರನ್ ಒಂದೇ.

ಕಾವು, ಜಾಲ್ಸೂರು ದಾಟಿ ಸುಳ್ಯಕ್ಕೆ ಬಂದು, ಅಲ್ಲಿಂದ ಮೊದಲು ಸೈಟಿಗೇ ಹೋದೆ. ದೀಪ ನಿಜವಾಗಿಯೂ ಹಸಿರಿತ್ತು. ಲ್ಯಾಪ್‌ಟಾಪ್ ಜೋಡಿಸಿ ನೋಡಿದರೆ ಸಂದೇಶಗಳು ಒಂದೂ ತಪ್ಪದೆ ಬರುತ್ತಿವೆ, ಪೆಟ್ಟಿಗೆ ಒಂದನ್ನೂ ಬಿಡದೆ ಎಸೆಯುತ್ತಿದೆ. ಕಾರಣ ದಿನಾಂಕ. ಪ್ರತಿ ಸಂದೇಶದ ಮೇಲೂ ಇಪ್ಪತ್ತು ವರ್ಷಕ್ಕೆ ಸ್ವಲ್ಪ ಕಡಿಮೆ ಹಿಂದಿನ ಒಂದು ದಿನಾಂಕ ಇತ್ತು.

ಹಳೆಯ ಸಂದೇಶವನ್ನು ಎಸೆಯಬೇಕೆಂಬ ನಿಯಮ ತಪ್ಪೇನೂ ಅಲ್ಲ. ಘಾಟಿಯಲ್ಲಿ ನೆಟ್‌ವರ್ಕ್ ಹೋಗಿ ಬಂದಾಗ ಗಂಟೆಗಟ್ಟಲೆ ಹಿಂದಿನ ಸಂದೇಶಗಳು ಒಟ್ಟಿಗೆ ಬಂದು ಬೀಳುತ್ತವೆ. ಅವನ್ನೆಲ್ಲ ನಂಬಿದರೆ ಇಳಿದುಹೋದ ನೀರಿಗೆ ಸೈರನ್ ಕೂಗುತ್ತದೆ. ನಾಲ್ಕು ಸಲ ಸುಮ್ಮನೆ ಕೂಗಿದರೆ ಐದನೇ ಸಲ ಯಾರೂ ಏಳುವುದಿಲ್ಲ. ಹಾಗಾಗಿ ಅರ್ಧ ಗಂಟೆಗಿಂತ ಹಳೆಯದು ಬೇಡ ಎಂದು ಬರೆದಿತ್ತು. ತೊಂದರೆ ಇದ್ದದ್ದು ದೀಪದಲ್ಲಿ. ಸಂದೇಶ ಬಂದರೆ ಸಾಕು, ಅದು ಹಸಿರಾಗುತ್ತಿತ್ತು, ಬಾರದಿದ್ದರೆ ಮಾತ್ರ ಹಳದಿ. ಆ ಸಂದೇಶವನ್ನು ಪೆಟ್ಟಿಗೆ ಒಪ್ಪಿಕೊಂಡಿತೋ ಎಸೆಯಿತೋ ಎಂಬುದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಇದು ಗಡಿಯಾರದ ಸೆಲ್ಲಿನ ತೊಂದರೆ ಎಂದು ತೀರ್ಮಾನಿಸಿ ಕಲ್ಲುಗುಂಡಿಗೆ ಹೊರಟೆ. ಹೊರಡುವಾಗ ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ ಜೀಪಿನ ಹತ್ತಿರ ಬಂದು, ಮಧ್ಯಾಹ್ನಕ್ಕೆ ಸರಿಯಾಗುತ್ತದಲ್ಲ ಎಂದು ಕೇಳಿದರು. ಕೆಟ್ಟ ಮನುಷ್ಯರಲ್ಲ. ಮಳೆಗಾಲ ಹಿಡಿಯುವ ಮೊದಲು ಎರಡು ಕಂಬಗಳ ಅಡಿಪಾಯ ನೀರಿನ ಮಟ್ಟದ ಮೇಲೆ ಬರಲೇಬೇಕಿತ್ತು, ಬಾರದಿದ್ದರೆ ಅಷ್ಟು ದಿನದ ಕೆಲಸವನ್ನು ನದಿ ಒಯ್ಯುತ್ತಿತ್ತು. ಆಗುತ್ತದೆ ಎಂದು ಧೈರ್ಯದಿಂದ ಹೇಳಿದೆ.

ಸೆಲ್ ಬದಲಾಯಿಸಿ, ಕೈಯಿಂದಲೇ ದಿನಾಂಕ ಸರಿಮಾಡಿದೆ. ಸೈಟಿಗೆ ಫೋನ್ ಮಾಡಿದರೆ ಮಟ್ಟ ಸರಿಯಾಗಿ ತೋರಿಸುತ್ತಿದೆ ಎಂದರು, ಹಾಗಾದರೆ ಸರಿಯಾಯಿತು ಎಂದೆ. ಪಕ್ಕದ ಹೋಟೆಲಿನಲ್ಲಿ ಊಟಕ್ಕೆ ಕೂತು ಸಾರು ಹಾಕಿಸಿಕೊಳ್ಳುತ್ತಿದ್ದೆ, ಫೋನ್ ಮತ್ತೆ ಬಂತು.

"ಪುನಃ ನಿಂತಿತು ಸರ್. ನಾನು ಯಾರನ್ನೂ ಇಳಿಸ್ಲಿಲ್ಲ."

ನಾನು ಸರಿಯಾಗಿದೆ ಎಂದು ಹೇಳಿದ ಮೇಲೂ ಅವರು ಜನರನ್ನು ಇಳಿಸದೆ ಕಾದಿದ್ದರು. ಆಗ ಸ್ವಲ್ಪ ಬೇಸರವಾದದ್ದು ನಿಜ.

ಕಂಬದ ಬುಡಕ್ಕೆ ವಾಪಸು ಬಂದು ನೋಡಿದೆ. ಯಂತ್ರ ಗಂಟೆಗೊಮ್ಮೆ ಆಕಾಶದ ಜಿಪಿಎಸ್ ಉಪಗ್ರಹಗಳನ್ನು ಕೇಳಿ ತನ್ನ ಗಡಿಯಾರ ಸರಿಪಡಿಸಿಕೊಳ್ಳುತ್ತದೆ. ನಾನು ಕೈಯಿಂದ ಹಾಕಿದ್ದನ್ನು ಅಳಿಸಿ ಹಳೆಯ ದಿನಾಂಕವನ್ನು ಮತ್ತೆ ಬರೆದದ್ದು ಆ ಜಿಪಿಎಸ್ ರಿಸೀವರ್. ಅದರ ಆಂಟೆನಾವನ್ನು ಕಳಚಿ ನೋಡಿದೆ. ಆಗ ಯಂತ್ರ ಪ್ರತಿ ಸಂದೇಶಕ್ಕೂ "ಸಮಯ ಗೊತ್ತಿಲ್ಲ" ಎಂಬ ಗುರುತು ಹಾಕತೊಡಗಿತು, ಕೆಳಗಿನ ಪೆಟ್ಟಿಗೆ ಅದನ್ನೂ ಎಸೆಯಿತು. ಅದರ ಪ್ರೋಗ್ರಾಮ್ ಬರೆದವರು ಅಷ್ಟು ಕಟ್ಟುನಿಟ್ಟು.

ಆಮೇಲೆ ಪರದೆಯನ್ನೇ ನೋಡುತ್ತಾ ಕೂತೆ. ವಿಚಿತ್ರವೆಂದರೆ ಗಂಟೆ, ನಿಮಿಷ ಸರಿಯಿದ್ದವು. ವಾರವೂ ಸೋಮವಾರವೇ. ವರ್ಷ, ತಿಂಗಳು, ತಾರೀಕು ಮಾತ್ರ ಬೇರೆ. ಸೆಲ್ ಸತ್ತ ಗಡಿಯಾರ ಇಷ್ಟು ಅಚ್ಚುಕಟ್ಟಾಗಿ ತಪ್ಪುವುದಿಲ್ಲ. ಇವತ್ತಿನಿಂದ ಆ ದಿನಾಂಕಕ್ಕೆ ಎಷ್ಟು ದಿನ ಎಂದು ಲೆಕ್ಕ ಹಾಕಿ, ಏಳರಿಂದ ಭಾಗಿಸಿದೆ. ಶೇಷವಿಲ್ಲದೆ ಸಾವಿರದ ಇಪ್ಪತ್ತನಾಲ್ಕು ಬಂತು. ಕಂಪ್ಯೂಟರಿನ ಕೆಲಸ ಮಾಡುವವರಿಗೆ ಆ ಸಂಖ್ಯೆ ಮನೆಯವರಷ್ಟೇ ಪರಿಚಯ. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಹತ್ತನೇ ಮೆಟ್ಟಿಲಲ್ಲಿ ಅದು ಸಿಗುತ್ತದೆ.

ಉಪಗ್ರಹಗಳು ದಿನಾಂಕ ಹೇಳುವುದಿಲ್ಲ. ಇದು ಎಷ್ಟನೇ ವಾರ, ವಾರದಲ್ಲಿ ಎಷ್ಟನೇ ಸೆಕೆಂಡು ಎಂದಷ್ಟೇ ಹೇಳುತ್ತವೆ. ಹಳೆಯ ಪದ್ಧತಿಯಲ್ಲಿ ವಾರದ ಸಂಖ್ಯೆಗೆ ಇಟ್ಟದ್ದು ಹತ್ತು ಬಿಟ್ ಜಾಗ, ಅಂದರೆ ಸೊನ್ನೆಯಿಂದ ಸಾವಿರದ ಇಪ್ಪತ್ತಮೂರರ ತನಕ. ಅದು ತುಂಬಿದ ಮೇಲೆ ಸ್ಕೂಟರಿನ ಮೀಟರ್ ಒಂಬತ್ತುಗಳೆಲ್ಲ ಮುಗಿದು ಸೊನ್ನೆಗೆ ಬರುವ ಹಾಗೆ ಮತ್ತೆ ಸೊನ್ನೆ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅದಲ್ಲ ಎಂದು ತಳ್ಳಿಹಾಕಿದ್ದೆ. ಏಕೆಂದರೆ ಉಪಗ್ರಹಗಳ ವಾರ ಸೊನ್ನೆಗೆ ಬಂದದ್ದು 2019ರಲ್ಲಿ. ಆಗ ಕಲ್ಲುಗುಂಡಿಯ ಯಂತ್ರ ಕಣ್ಣು ಕೂಡ ಮಿಟುಕಿಸಿರಲಿಲ್ಲ. ದಾಟಿಹೋದ ಗಂಡಾಂತರ ಇಷ್ಟು ವರ್ಷದ ಮೇಲೆ ಯಾಕೆ ಬರಬೇಕು ಎಂಬುದು ಅರ್ಥವಾಗಲಿಲ್ಲ.

ಯಂತ್ರವನ್ನು ಮಾರಿದ ಸಂಸ್ಥೆ ಮುಚ್ಚಿ ಎಷ್ಟೋ ಕಾಲವಾಗಿದೆ. ಮುಚ್ಚುವಾಗ ಅವರು ನಿರ್ವಹಣೆ ಮಾಡುವವರಿಗೆಲ್ಲ ಪ್ರೋಗ್ರಾಮಿನ ಮೂಲ ಪ್ರತಿ ಕೊಟ್ಟಿದ್ದರು, ನನ್ನಲ್ಲೂ ಇತ್ತು. ಓದಲು ನನಗೆ ಬರುತ್ತದೆ. ಆದರೆ ಜನರ ಜೀವ ನಿಂತಿರುವ ಪ್ರೋಗ್ರಾಮಿಗೆ ಒಬ್ಬನೇ ಕೈ ಹಾಕಲು ಮನಸ್ಸಾಗಲಿಲ್ಲ. ಅದನ್ನು ಬರೆದವರು ಯಾರೆಂದು ಗೊತ್ತಿತ್ತು. ಪಾಲಿಟೆಕ್ನಿಕ್ಕಿನಲ್ಲಿ ನನಗೆ ಡಿಜಿಟಲ್ ವಿಷಯ ಕಲಿಸಿದ ಟೀಚರ್ ಅವರು. ಕಾಲೇಜಿನ ಕೆಲಸದ ಜೊತೆಗೆ ಆ ಸಂಸ್ಥೆಗೆ ಪ್ರೋಗ್ರಾಮ್ ಬರೆದುಕೊಟ್ಟಿದ್ದರು. ಈಗ ನಿವೃತ್ತರಾಗಿ ಕಡಬದಲ್ಲಿದ್ದಾರೆ.

ಮಂಗಳವಾರ ಬೆಳ್ಳಾರೆ, ನಿಂತಿಕಲ್ಲು ದಾರಿಯಾಗಿ ಕಡಬಕ್ಕೆ ಹೋದೆ. ಟೀಚರ್ ಪೇಟೆಯಲ್ಲೇ ಒಂದು ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿದ್ದರು. ನಾನು ಮೆಟ್ಟಿಲು ಹತ್ತಿ ಹೋದಾಗ ಮೂವರು ಹೆಂಗಸರ ಜೊತೆ ಕೇರಂ ಆಡುತ್ತಿದ್ದರು. ವಿಷಯ ಶುರುಮಾಡಿದರೆ, ರೆಡ್ ಇನ್ನೂ ಬಿದ್ದಿಲ್ಲ, ಕೂತುಕೋ ಎಂದರು. ಆಟ ಮುಗಿಸಿ, ಕೈಯ ಪೌಡರ್ ಒರೆಸಿಕೊಂಡು ನನ್ನ ಎದುರು ಕೂತರು. ನಾನು ಎಲ್ಲವನ್ನೂ ಹೇಳುವಾಗ ನಡುವೆ ಒಂದೇ ಪ್ರಶ್ನೆ ಕೇಳಿದರು: ನಿಂತದ್ದು ಭಾನುವಾರ ಎಷ್ಟು ಗಂಟೆಗೆ? ಬೆಳಗ್ಗೆ ಐದೂವರೆಯ ಸುಮಾರಿಗೆ ಎಂದೆ.

"ಹಾಗಾದ್ರೆ ಅದೇ. ಜಿಪಿಎಸ್‌ನ ವಾರ ಶುರುವಾಗುದು ಲಂಡನ್ನಿನ ಶನಿವಾರ ಮಧ್ಯರಾತ್ರಿ ಕಳೆದು. ನಮಗೆ ಆಗ ಭಾನುವಾರ ಐದೂವರೆ."

2019ರಲ್ಲಿ ಯಾಕೆ ಆಗಲಿಲ್ಲ ಎಂಬುದನ್ನೂ ಅವರು ಬಿಡಿಸಿ ಹೇಳಿದರು. ರಿಸೀವರ್ ಮಾಡಿದವರು ಜಾಣರು. ತಮ್ಮ ಪ್ರೋಗ್ರಾಮ್ ತಯಾರಾದ ವಾರವನ್ನು ಅದರೊಳಗೇ ಗುರುತು ಹಾಕಿಟ್ಟು, "ಇದಕ್ಕಿಂತ ಹಿಂದಿನ ವಾರ ಬಂದರೆ ಅದು ಮುಂದಿನ ಸುತ್ತಿನದು ಎಂದು ತಿಳಿ" ಎಂದು ಬರೆದಿದ್ದರು. ಹಾಗಾಗಿ ಉಪಗ್ರಹಗಳ ಸುತ್ತು ಮುಗಿದಾಗ ಈ ರಿಸೀವರಿಗೆ ಏನೂ ಆಗಲಿಲ್ಲ. ಆದರೆ ಅವರು ಗಡಿಯನ್ನು ಮುಂದಕ್ಕೆ ತಳ್ಳಿದ್ದಷ್ಟೇ, ತೆಗೆದಿರಲಿಲ್ಲ. ಆ ಗುರುತಿನಿಂದ ಲೆಕ್ಕ ಹಿಡಿದರೆ ಸಾವಿರದ ಇಪ್ಪತ್ತನಾಲ್ಕು ವಾರ ಮುಗಿದದ್ದು ಮೊನ್ನೆ. ಜಗತ್ತಿನ ಎಲ್ಲ ಜಿಪಿಎಸ್‌ಗೆ ಒಂದು ದಿನವಾದರೆ, ಈ ಮಾದರಿಗೆ ಅದರದ್ದೇ ಒಂದು ದಿನ. ಪತ್ರಿಕೆಯಲ್ಲಿ ಬರುವುದಿಲ್ಲ, ಯಾರೂ ಎಚ್ಚರಿಸುವುದಿಲ್ಲ.

ನನಗೆ ಸಮಾಧಾನವಾಯಿತು. ಕಾರಣ ಗೊತ್ತಾದರೆ ಪರಿಹಾರ ಒಂದೇ ಸಾಲು: ರಿಸೀವರ್ ಕೊಟ್ಟ ವಾರಕ್ಕೆ ಸಾವಿರದ ಇಪ್ಪತ್ತನಾಲ್ಕು ಕೂಡಿಸು. ಮುಂದಿನ ಸುಮಾರು ಇಪ್ಪತ್ತು ವರ್ಷ ಯೋಚನೆ ಇಲ್ಲ. ಟೀಚರ್ ಕೂಡ ತಲೆಯಾಡಿಸಿ, ನನ್ನ ಲ್ಯಾಪ್‌ಟಾಪ್ ತಮ್ಮ ಕಡೆ ಎಳೆದುಕೊಂಡು ಆ ಸಾಲನ್ನು ಬರೆದರು. ಸಂಜೆಯೊಳಗೆ ಕಲ್ಲುಗುಂಡಿಗೆ ಮುಟ್ಟಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಆಗ ಸೈಟಿನಿಂದ ಫೋನ್ ಬಂತು. ಟೀಚರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಇಂಜಿನಿಯರ್ ಮಾಮೂಲಿಗಿಂತ ನಿಧಾನವಾಗಿ ಮಾತಾಡುತ್ತಿದ್ದರು. ಅಲ್ಲಿ ಬಿಸಿಲಿದೆಯಂತೆ. ನೀರು ಮೊದಲು ಕೆಂಪಾಯಿತಂತೆ, ಆಮೇಲೆ ತರಗೆಲೆ, ಕಟ್ಟಿಗೆ ತೇಲಿಬಂದವಂತೆ, ಆಮೇಲೆ ಮರಳಿನ ಚೀಲದ ಕಟ್ಟೆಯ ಒಂದು ಬದಿ ಕುಸಿದು ಗುಂಡಿ ತುಂಬಿತಂತೆ. ಹಲಗೆಗಳು, ನೀರು ತೆಗೆಯುವ ಒಂದು ಪಂಪು ಹೋಗಿವೆ. ಜನ ಎಲ್ಲ ದಡದ ಮಾವಿನ ಮರದ ಕೆಳಗೆ ಕೂತಿದ್ದಾರೆ.

"ಬೆಳಗ್ಗೆಯಿಂದ ಸೂಪರ್‌ವೈಸರ್ ನನ್ನತ್ರ ಜಗಳ ಮಾಡ್ತಾ ಇದ್ರು, ಇಳಿಸಿ ಅಂತ. ಈಗ ಮಾತಾಡುದಿಲ್ಲ," ಎಂದರು. ಆಮೇಲೆ, "ಸರ್, ಹಸಿರು ದೀಪ ಈಗ್ಲೂ ಉರೀತಾ ಉಂಟು."

ಟೀಚರ್ ಫೋನಿನ ಕಡೆ ಬಗ್ಗಿದರು. ತಾವು ಯಾರೆಂದು ಹೇಳಿ, ಪೆಟ್ಟಿಗೆಯ ಪರದೆಯಲ್ಲಿ ಏನೇನು ಕಾಣುತ್ತದೆ, ದೀಪ ಒಮ್ಮೆಯಾದರೂ ಹಳದಿಯಾಯಿತೇ ಎಂದು ವಿಚಾರಿಸಿದರು. ಇಲ್ಲ ಎಂದಾಗ ಇನ್ನೊಂದು ಪ್ರಶ್ನೆ ಕೇಳಿದರು.

"ಮಗಾ, ದೀಪ ಹಸಿರಿದ್ದರೂ ನೀನು ಯಾಕೆ ನಂಬ್ಲಿಲ್ಲ?"

"ದೀಪ ಒಂದು ಹೇಳಿತು, ಬಂಡೆ ಒಂದು ಹೇಳಿತು ಟೀಚರ್. ಒಳಗೆ ಇಳಿಯುದು ನಾನಲ್ಲ, ಬೇರೆಯವರು. ನನಗೆ ಯಾವುದು ಸರಿ ಅಂತ ಗೊತ್ತಿರ್ಲಿಲ್ಲ. ಗೊತ್ತಾಗುವ ತನಕ ಬೇಡ ಅಂತ ಮಾಡಿದೆ."

ಟೀಚರ್ ಎಂದೂ ವಿದ್ಯಾರ್ಥಿಗಳನ್ನು ಮುಖದೆದುರು ಹೊಗಳಿದವರಲ್ಲ. ಆ ದಿನವೂ ಹೊಗಳಲಿಲ್ಲ. ಪೂರ್ತಿ ಸರಿಮಾಡಲು ಇನ್ನು ಎರಡು ಮೂರು ದಿನ ಬೇಕಾಗುತ್ತದೆ, ಅಷ್ಟು ದಿನ ಕೆಲಸ ನಿಲ್ಲಿಸಲು ಆಗುತ್ತದಾ ಎಂದು ಕೇಳಿದರು. ಆ ಕಡೆಯಿಂದ, ನಿಲ್ಲಿಸುತ್ತೇನೆ, ಮೇಲಿನವರಿಗೆ ನಾನೇ ಹೇಳುತ್ತೇನೆ ಎಂಬ ಉತ್ತರ ಬಂತು. ಫೋನ್ ಇಟ್ಟದ್ದೇ ಟೀಚರ್ ಆಗ ತಾನೇ ಬರೆದಿದ್ದ ಸಾಲನ್ನು ಅಳಿಸಿಬಿಟ್ಟರು.

ನಾನು ವಾದ ಮಾಡಿದೆ. ಒಂದು ಸಾಲಿನ ಪರಿಹಾರ ಇವತ್ತೇ ಹಾಕೋಣ, ಉಳಿದದ್ದು ಮಳೆಗಾಲದಲ್ಲಿ ನಿಧಾನಕ್ಕೆ ನೋಡೋಣ ಎಂದೆ. ಅವರು ತಾಳ್ಮೆಯಿಂದ ಕೇಳಿ, ಈ ರಿಸೀವರ್ ಹಾಳಾಗಿ ನಾಳೆ ನೀನು ಹೊಸದು ಹಾಕಿದರೆ ಏನಾಗುತ್ತದೆ ಎಂದು ಕೇಳಿದರು. ಹೊಸದರಲ್ಲಿ ವಾರ ಸರಿಯಾಗಿಯೇ ಬರುತ್ತದೆ ಎಂದೆ. ಆ ಸಾಲನ್ನು ತೆಗೆಯಲು ಮರೆತು, ಅದಕ್ಕೂ ಸಾವಿರದ ಇಪ್ಪತ್ತನಾಲ್ಕು ಕೂಡಿಸಿದರೆ? ದಿನಾಂಕ ಇಪ್ಪತ್ತು ವರ್ಷ ಮುಂದಕ್ಕೆ ಹೋಗುತ್ತದೆ. ಮುಂದಿನ ದಿನಾಂಕದ ಸಂದೇಶ ಎಂದಿಗೂ ಹಳತಾಗುವುದಿಲ್ಲ, ನಿನ್ನೆಯದು ಬಂದರೂ ಪೆಟ್ಟಿಗೆ ತಾಜಾ ಎಂದು ನಂಬುತ್ತದೆ. ಇನ್ನೊಂದು ವಿಷಯವೂ ಇತ್ತು. ಕೆಳಗಿನ ಪೆಟ್ಟಿಗೆ 1970ರ ಮೊದಲ ದಿನದಿಂದ ಸೆಕೆಂಡುಗಳನ್ನು ಎಣಿಸುವ ಜಾತಿಯದ್ದು. ಅದರ ಎಣಿಕೆಗೆ ಇಟ್ಟ ಮೂವತ್ತೆರಡು ಬಿಟ್ ಜಾಗ 2038ರ ಜನವರಿಯಲ್ಲಿ ತುಂಬುತ್ತದೆ, ಮರುಕ್ಷಣ ಅದು 1901 ಎನ್ನುತ್ತದೆ. ಅಂದರೆ ನನ್ನ ಇಪ್ಪತ್ತು ವರ್ಷದ ಸಮಾಧಾನಕ್ಕೆ ಅಷ್ಟು ಆಯುಷ್ಯವೂ ಇರಲಿಲ್ಲ.

"ಆ ಸೈರನ್ನಿಗೆ ದಿನಾಂಕ ಎಂತಕ್ಕೆ ಮಾರಾಯ?" ಎಂದರು ಟೀಚರ್. "ಇವತ್ತು ಯಾವ ದಿನ ಅಂತ ಅದಕ್ಕೆ ಬೇಡ. ಸಂದೇಶ ಹೊರಟು ಎಷ್ಟು ಹೊತ್ತಾಯಿತು, ಅಷ್ಟು ಸಾಕು. ಇದನ್ನು ಬರೆಯುವಾಗ ನಾನು ಬೇಡದ್ದನ್ನು ಕೇಳಿದೆ."

ಅವರ ಯೋಚನೆ ಬಿಡಿಸಿ ಹೇಳಿದರೆ ಹೀಗೆ. ಕಲ್ಲುಗುಂಡಿಯಲ್ಲಿ ಒಂದು ಎಣಿಕೆ, ಸೈಟಿನಲ್ಲಿ ಒಂದು ಎಣಿಕೆ, ಎರಡೂ ನಿಮಿಷಕ್ಕೊಂದರಂತೆ ಮುಂದೆ ಹೋಗುತ್ತವೆ. ಎರಡಕ್ಕೂ ದಿನಾಂಕ ಗೊತ್ತಿಲ್ಲ. ಅಲ್ಲಿಯದ್ದು ಮೂರು ತೋರಿಸುವಾಗ ಇಲ್ಲಿಯದ್ದು ಏಳು ತೋರಿಸಿದರೆ ಅಂತರ ನಾಲ್ಕು. ಎರಡೂ ಒಂದೇ ವೇಗದಲ್ಲಿ ನಡೆಯುವುದರಿಂದ ಸಂದೇಶ ಕೂಡಲೇ ಬಂದಾಗಲೆಲ್ಲ ಆ ಅಂತರ ನಾಲ್ಕೇ ಇರಬೇಕು. ಯಾವುದೋ ಒಂದು ಸಂದೇಶದಲ್ಲಿ ಅಂತರ ನಲವತ್ತಾಗಿ ಕಂಡರೆ ಅದು ದಾರಿಯಲ್ಲಿ ಮೂವತ್ತಾರು ನಿಮಿಷ ಕಳೆದಿದೆ ಎಂದರ್ಥ. ಹಳತು, ಎಸೆ. ಎರಡು ಗಡಿಯಾರಗಳು ದಿನಕ್ಕೆ ಒಂದಿಷ್ಟು ಹಿಂದೆ ಮುಂದೆ ಆಗುತ್ತವಾದ್ದರಿಂದ, ಬೇಗ ಬಂದ ಸಂದೇಶಗಳನ್ನು ನೋಡಿ ಅಂತರವನ್ನು ಆಗಾಗ ತಿದ್ದಿಕೊಳ್ಳಬೇಕು.

ಎಣಿಕೆ ತುಂಬಿ ಸೊನ್ನೆಗೆ ಬಂದಾಗ ಏನು ಮಾಡುವುದು ಎಂದು ಕೇಳಿದೆ. ಅವರು ಗೋಡೆಯ ಗಡಿಯಾರ ತೋರಿಸಿದರು. ಹನ್ನೊಂದಕ್ಕೆ ಹೊರಟು ಎರಡಕ್ಕೆ ಮುಟ್ಟಿದವನಿಗೆ ಎಷ್ಟು ಗಂಟೆ ಹಿಡಿಯಿತು? ಮೂರು. ನಡುವೆ ಹನ್ನೆರಡು ಮುಗಿದು ಒಂದು ಬಂದದ್ದು ಯಾರಿಗೂ ತೊಂದರೆ ಕೊಡಲಿಲ್ಲ. ಕಂಪ್ಯೂಟರಿನ ಎಣಿಕೆಯೂ ಹೀಗೆ ಒಂದು ವೃತ್ತ. ಅದರ ಮೇಲೆ ಎರಡು ಜಾಗಗಳ ನಡುವಿನ ದೂರವನ್ನು ಕಳೆದು ನೋಡಿದರೆ ಸೊನ್ನೆ ನಡುವೆ ಬಂದರೂ ಉತ್ತರ ಸರಿ ಬರುತ್ತದೆ, ಆ ದೂರ ಅರ್ಧ ವೃತ್ತಕ್ಕಿಂತ ಹೆಚ್ಚಿರಬಾರದು ಅಷ್ಟೇ. ನಮ್ಮ ಎಣಿಕೆ ಒಂದು ಸುತ್ತು ಬರಲು ಒಂದೂವರೆ ತಿಂಗಳು ಬೇಕು. ಸಂದೇಶ ತಡವಾಗುವುದು ಹೆಚ್ಚೆಂದರೆ ಒಂದು ದಿನ.

ಕಾಲೇಜಿನಲ್ಲಿ ಇದೇ ಪಾಠವನ್ನು ಅವರೇ ಮಾಡಿದ್ದರು. ಪರೀಕ್ಷೆಯಲ್ಲಿ ನಾನು ಬರೆದೂ ಇದ್ದೆ. ಆದರೆ ನದಿಯ ದಡದಲ್ಲಿ ಕೂತ ಜನರಿಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದದ್ದು ಆ ಮಧ್ಯಾಹ್ನ, ಕಡಬದ ಆ ಕೇರಂ ಬೋರ್ಡಿನ ಪಕ್ಕ.

ಬುಧವಾರ ಟೀಚರ್ ಬೆಳಗಿನ ಬಸ್ಸಿನಲ್ಲಿ ಪುತ್ತೂರಿಗೆ ಬಂದರು. ಎರಡೂ ಯಂತ್ರಗಳನ್ನು ಕಳಚಿ ತಂದು ವರ್ಕ್‌ಶಾಪಿನ ಮೇಜಿನ ಮೇಲೆ ಎದುರುಬದುರು ಇಟ್ಟಿದ್ದೆ. ಅವರು ಮೊದಲು ಬರೆದದ್ದು ದೀಪದ ಭಾಗ. ಇನ್ನು ಮೇಲೆ ಹಸಿರು ತಾನಾಗಿ ಉಳಿಯುವುದಿಲ್ಲ. ಒಪ್ಪಿಕೊಂಡ ಸಂದೇಶವೊಂದು ಬಂದಾಗ ಮಾತ್ರ ಅದಕ್ಕೆ ಸ್ವಲ್ಪ ಹೊತ್ತಿನ ಆಯುಷ್ಯ ಸಿಗುತ್ತದೆ, ಇನ್ನೊಂದು ಬಾರದಿದ್ದರೆ ತಾನೇ ಹಳದಿಗೆ ತಿರುಗುತ್ತದೆ. ಮೇಲಿನ ಯಂತ್ರ ನಿಂತು ಮತ್ತೆ ಶುರುವಾದರೆ ಎಣಿಕೆಯೂ ಮೊದಲಿನಿಂದ ಶುರುವಾಗುತ್ತದೆ. ಆಗ ಅದು "ನಾನು ಹೊಸದಾಗಿ ಎದ್ದೆ" ಎಂದು ಹೇಳಬೇಕು, ಮನುಷ್ಯರೊಬ್ಬರು ಫೋನಿನಲ್ಲಿ ಮಟ್ಟವನ್ನು ತಾಳೆ ನೋಡಿ ಒಪ್ಪುವ ತನಕ ಕೆಳಗೆ ಹಳದಿಯೇ ಇರಬೇಕು. ಆ ಕೊನೆಯ ನಿಯಮ ಬರೆಯುವಾಗ, ಇದು ಆ ಹುಡುಗಿಯ ಬಂಡೆ ಎಂದರು.

ಸಂಜೆಗೆ ಎಲ್ಲ ಮುಗಿಯಿತೆಂದುಕೊಂಡೆ. ಟೀಚರ್ ಒಪ್ಪಲಿಲ್ಲ. ಗಡಿ ದಾಟುವುದನ್ನು ಕಣ್ಣಾರೆ ನೋಡಬೇಕು ಎಂದರು. ಒಂದೂವರೆ ತಿಂಗಳು ಕಾಯುವ ಬದಲು ಮೇಲಿನ ಯಂತ್ರದ ಎಣಿಕೆಯನ್ನು ಕೊನೆಗೆ ಸ್ವಲ್ಪ ಮೊದಲು ತಂದಿಟ್ಟು, ನೀರು ತುಂಬಿದ ಡ್ರಮ್ಮಿನಲ್ಲಿ ಸೆನ್ಸರ್ ಮುಳುಗಿಸಿ ಗುರುವಾರ ಬೆಳಗ್ಗೆ ಪರೀಕ್ಷೆಗೆ ಕೂತೆವು. ಸಂದೇಶಗಳು ಒಂದೊಂದಾಗಿ ಬಂದವು, ಹಸಿರು, ಹಸಿರು. ಎಣಿಕೆ ತುಂಬಿ ಸೊನ್ನೆಯಾಯಿತು. ದೀಪ ಹಳದಿಯಾಗಿ ಅಲ್ಲೇ ನಿಂತಿತು.

ನಾನು ಎದ್ದು ವೈರುಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದೆ. ಟೀಚರ್ ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡು, ಒಳ್ಳೆಯದಾಯಿತು, ಸರಿಯಾದ ಬದಿಗೆ ಬಿದ್ದಿದೆ ಎಂದರು. ಅರ್ಥವಾಗದಾಗ ಹಸಿರಿನಲ್ಲಿ ಕೂರುವ ಬದಲು ಹಳದಿಗೆ ಬಂದಿತ್ತು. ಮಧ್ಯಾಹ್ನದ ತನಕ ಇಬ್ಬರೂ ಸಾಲು ಸಾಲು ಓದಿದೆವು. ತಪ್ಪು ಸಿಕ್ಕಿದ್ದು ಟೀಚರಿಗೆ. ಒಂದೇ ಸಂದೇಶ ಎರಡು ಸಲ ಬಂದರೆ ಬಿಡಲು ಇದ್ದ ಹಳೆಯ ಭಾಗದಲ್ಲಿ, ಹೊಸ ಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಿದೆಯೇ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ವೃತ್ತದ ಮೇಲೆ ದೊಡ್ಡದು ಚಿಕ್ಕದು ಎಂಬ ಮಾತಿಲ್ಲ, ಎಷ್ಟು ದೂರ ಎಂಬುದಷ್ಟೇ ಇದೆ. ಅದನ್ನೂ ಕಳೆಯುವ ಲೆಕ್ಕಕ್ಕೆ ಬದಲಾಯಿಸಿದರು. ಮತ್ತೆ ಗಡಿ ದಾಟಿಸಿದೆವು. ಹಸಿರು. ಕೆಳಗಿನ ಪೆಟ್ಟಿಗೆಯ ಎಣಿಕೆಯನ್ನು ದಾಟಿಸಿದೆವು, ಹಸಿರು. ಎರಡನ್ನೂ ಒಟ್ಟಿಗೆ ದಾಟಿಸಿದೆವು. ಸಂದೇಶಗಳನ್ನು ತಡೆದು ಹಿಡಿದು ಒಟ್ಟಿಗೆ ಬಿಟ್ಟೆವು, ಹಳೆಯವನ್ನೆಲ್ಲ ಎಸೆದು ಕೊನೆಯದನ್ನು ಮಾತ್ರ ಇಟ್ಟುಕೊಂಡಿತು. ಜಿಪಿಎಸ್ ಹೇಳಿದ ಆ ಇಪ್ಪತ್ತು ವರ್ಷ ಹಿಂದಿನ ದಿನಾಂಕ ಪರದೆಯ ಮೂಲೆಯಲ್ಲಿ ಹಾಗೆಯೇ ಇತ್ತು. ಈಗ ಅದರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ.

ಶುಕ್ರವಾರ ಬೆಳಗ್ಗೆ ಕಲ್ಲುಗುಂಡಿಯಲ್ಲಿ ಯಂತ್ರವನ್ನು ಮತ್ತೆ ಕಂಬಕ್ಕೆ ಏರಿಸಿ, ಇಂಜಿನಿಯರಿಗೆ ಫೋನಿನಲ್ಲಿ ಮಟ್ಟ ಹೇಳಿದೆ. ಅವರು ಪರದೆಯ ಜೊತೆ ತಾಳೆ ನೋಡಿ ಒಪ್ಪಿದರು. ಆಮೇಲೆ ಟೀಚರನ್ನು ಕರೆದುಕೊಂಡು ಸೈಟಿಗೆ ಬಂದೆ. ಸೂಪರ್‌ವೈಸರ್ ತಮ್ಮ ಕುರ್ಚಿಯನ್ನೇ ತಂದು ಮಾವಿನ ಮರದ ಕೆಳಗೆ ಹಾಕಿ, ಕೂತುಕೊಳ್ಳಿ ಟೀಚರ್ ಎಂದರು. ಇಂಜಿನಿಯರ್ ಬಂದು ಕೈ ಮುಗಿದರು. ಟೀಚರ್ ಅವರ ಕೈ ಹಿಡಿದು, ಮೊದಲು ಆ ಬಂಡೆಯನ್ನು ತೋರಿಸು ಎಂದರು. ಇಬ್ಬರೂ ನೀರಿನ ಅಂಚಿಗೆ ಇಳಿದು ಬಿಳಿ ಗೆರೆಯ ಹತ್ತಿರ ತುಂಬಾ ಹೊತ್ತು ನಿಂತು ಮಾತಾಡಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ.

ಜನ ಕೆಳಗಿಳಿದರು. ಕೊಚ್ಚಿಹೋದ ಕಟ್ಟೆಯನ್ನು ಹಿಂದಿನ ದಿನವೇ ದಡದ ಕಡೆಯಿಂದ ಸರಿಮಾಡಿಟ್ಟಿದ್ದರು, ಈಗ ಗುಂಡಿಯ ಕೆಸರು ತೆಗೆದು ಕಬ್ಬಿಣ ಕಟ್ಟತೊಡಗಿದರು. ಮಧ್ಯಾಹ್ನದ ಊಟ ಆಯಿತು. ಟೀಚರನ್ನು ಕಡಬಕ್ಕೆ ಬಿಟ್ಟು ಬರೋಣವೆಂದು ನಾನು ಜೀಪು ತಿರುಗಿಸಿ ನಿಲ್ಲಿಸಿದೆ. ಆಕಾಶ ನಿರ್ಮಲವಾಗಿತ್ತು, ದೂರದಲ್ಲಿ ಘಾಟಿಯ ಮೇಲೆ ಮಾತ್ರ ಒಂದು ಕಪ್ಪು ಮೋಡ.

ಸೈರನ್ ಕೂಗಿತು.

ನಾನು ಅದನ್ನು ಪರೀಕ್ಷೆಗೆಂದು ಎಷ್ಟೋ ಸಲ ಕೂಗಿಸಿದ್ದೇನೆ. ಆದರೂ ಜೀಪನ್ನು ಹಾಗೆಯೇ ಬಿಟ್ಟು ದಡದ ಕಡೆ ಧಾವಿಸಿದೆ. ಇಂಜಿನಿಯರ್ ಆಗಲೇ ಏಣಿಯ ತಲೆಗೆ ಓಡಿದ್ದರು. ಸಾಮಾನು ಬಿಡಿ, ಸಾಮಾನು ಬಿಡಿ ಎಂದು ತುಳುವಿನಲ್ಲಿ ಹೇಳುತ್ತಾ ಒಬ್ಬೊಬ್ಬರನ್ನೇ ಎಣಿಸಿ ಮೇಲೆ ಹತ್ತಿಸುತ್ತಿದ್ದರು. ಸೂಪರ್‌ವೈಸರ್ ಪಂಪಿಗೆ ಹಗ್ಗ ಕಟ್ಟಿಸಿ ಎಳೆಸಿದರು. ಯಾರೂ ಗಾಬರಿಯಾಗಲಿಲ್ಲ. ಹೊತ್ತು ಬೇಕಾದಷ್ಟಿತ್ತು.

ಟೀಚರ್ ಕುರ್ಚಿಯಿಂದ ಎದ್ದು ನಿಂತಿದ್ದರು. ಎರಡು ಕೈಯಲ್ಲೂ ಸೀರೆಯ ಸೆರಗು ಹಿಡಿದುಕೊಂಡು, ಸೈರನ್ನಿನ ಕಂಬವನ್ನೇ ನೋಡುತ್ತಿದ್ದರು. ಹತ್ತಿರ ಹೋದೆ. ಆ ಸದ್ದಿನಲ್ಲಿ ಅವರ ಮಾತು ಕೇಳಲು ಬಗ್ಗಬೇಕಾಯಿತು.

"ನಾನು ಇದನ್ನು ಕೇಳಿಯೇ ಇರ್ಲಿಲ್ಲ ಮಾರಾಯ. ಒಂದು ಸೊನ್ನೆಯನ್ನು ಒಂದು ಮಾಡುದು, ಅಷ್ಟೇ ನಾನು ಬರೆದದ್ದು. ಅದು ಇಷ್ಟು ಜೋರು ಕೂಗ್ತದೆ ಅಂತ ಗೊತ್ತಿರ್ಲಿಲ್ಲ."

ಕೊನೆಯವನೂ ಮೇಲೆ ಬಂದ. ಇಂಜಿನಿಯರ್ ಇನ್ನೊಮ್ಮೆ ತಲೆ ಎಣಿಸಿ, ಏಣಿಯನ್ನು ಎಳೆಸಿ ದಡದಲ್ಲಿ ಮಲಗಿಸಿ, ಬೆವರು ಒರೆಸಿಕೊಳ್ಳುತ್ತಾ ನಮ್ಮ ಹತ್ತಿರ ಬಂದರು. ಹೊಳೆ ಇನ್ನೂ ಬೆಳಗ್ಗೆ ಇದ್ದ ಹಾಗೆಯೇ ತಿಳಿಯಾಗಿ, ಬಂಡೆಯ ಗೆರೆಗಿಂತ ಕೆಳಗೆ ಹರಿಯುತ್ತಿತ್ತು. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಟೀಚರ್ ಅವರನ್ನು ಕೇಳಿದರು.

"ಇನ್ನು ಮುಕ್ಕಾಲು ಗಂಟೆ ಉಂಟು," ಎಂದು ಇಂಜಿನಿಯರ್ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತರು. "ಬರ್ಲಿ ಟೀಚರ್. ಈಗ ಬರ್ಲಿ."